ಮಡಕೆ ಕೆಟ್ಟರೆ ತಪ್ಪು ಮಣ್ಣಿನದೇ? ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ಬಟ್ಟಲು ಬಿರುಕು ಬಿಟ್ಟಿತು, ಹೂದಾನಿ ಸೋರಿತು, ತಟ್ಟೆ ಸೊಟ್ಟಗಾಯಿತು. ಆಗ ಮೊದಲು ಬಾಯಿಗೆ ಬರುವ ಮಾತು: "ಈ ಮಣ್ಣೇ ಸರಿಯಿಲ್ಲ." ಕೆಲವು ಸಲ ಅದು ನಿಜ. ಆದರೆ ಬಹಳಷ್ಟು ಸಲ ಮಣ್ಣು ಚೆನ್ನಾಗಿಯೇ ಇರುತ್ತದೆ. ಸುಟ್ಟ ಶಾಖವೋ, ಒಣಗಿಸಿದ ರೀತಿಯೋ, ಮಾಡಹೊರಟ ವಸ್ತುವೋ ಆ ಮಣ್ಣಿಗೆ ಹೊಂದಿರುವುದಿಲ್ಲ. ಮಣ್ಣು ಬದಲಿಸಿದರೆ ಗ್ಲೇಜ್ (ಮಡಕೆಯ ಮೇಲಿನ ಗಾಜಿನಂಥ ಲೇಪ) ಬದಲಿಸಬೇಕು, ಸುಡುವ ಲೆಕ್ಕವೂ ಬದಲಾಗುತ್ತದೆ. ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಎರಡು ಲಕ್ಷಣಗಳಲ್ಲಿ ಮಾತ್ರ ಮೊದಲಿಗೇ ಮಣ್ಣಿನ ಮೇಲೆ ಅನುಮಾನ ಪಡಬಹುದು: ಸುಟ್ಟು ದಿನಗಳಾದ ಮೇಲೆ ಚಕ್ಕೆ ಹಾರುವುದು, ಮತ್ತು ಒಲೆಯ ಮೇಲೆ ಪಾತ್ರೆ ಒಡೆಯುವುದು.

ಎಲ್ಲಕ್ಕಿಂತ ಮೊದಲು: ಪೊಟ್ಟಣದ ಚೀಟಿ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮಣ್ಣಿನ ಪೊಟ್ಟಣದ ಮೇಲೆ ಅದನ್ನು ಎಷ್ಟು ಶಾಖಕ್ಕೆ ಸುಡಬೇಕು ಎಂದು ಬರೆದಿರುತ್ತದೆ, ಸಾಮಾನ್ಯವಾಗಿ ಕೋನ್ ಸಂಖ್ಯೆಯಲ್ಲಿ. ಕೋನ್ ಅಂದರೆ ಗೊತ್ತಾದ ಶಾಖಕ್ಕೆ ಮೆತ್ತಗಾಗಿ ಬಾಗುವ, ಗೂಡಿನೊಳಗೆ ಇಡುವ ಪುಟ್ಟ ಮೊನಚು ತುಂಡು. ಕೋನ್ 04 ಅಂದರೆ ಸುಮಾರು 1060 ಡಿಗ್ರಿ ಸೆಲ್ಸಿಯಸ್. ಕೋನ್ 6 ಅಂದರೆ ಸುಮಾರು 1220ರಿಂದ 1240. ಕೋನ್ 10 ಅಂದರೆ 1300ರ ಹತ್ತಿರ. ಸಂಖ್ಯೆಯ ಮೊದಲಿಗೆ ಸೊನ್ನೆ ಇದೆಯೋ ಇಲ್ಲವೋ ಸರಿಯಾಗಿ ನೋಡಿ. 06 ಮತ್ತು 6 ಎರಡೂ ಒಂದೇ ಅಂದುಕೊಂಡರೆ 200 ಡಿಗ್ರಿಗೂ ಜಾಸ್ತಿ ವ್ಯತ್ಯಾಸವಾಗುತ್ತದೆ.

ಆ ಸಂಖ್ಯೆ, ನಿಮ್ಮ ಗೂಡು ನಿಜವಾಗಿ ಮುಟ್ಟುವ ಶಾಖ, ಗ್ಲೇಜ್ ಡಬ್ಬಿಯ ಮೇಲಿನ ಸಂಖ್ಯೆ, ಈ ಮೂರೂ ಒಂದೇ ಆಗಿರಬೇಕು. ಗೂಡಿನ ಮೀಟರ್ ತೋರಿಸುವುದನ್ನು ಮಾತ್ರ ನಂಬಬೇಡಿ. ಮೀಟರಿಗೆ ಶಾಖ ತಿಳಿಸುವ ತಂತಿ, ಅಂದರೆ ಥರ್ಮೋಕಪಲ್, ಹಳೆಯದಾದರೆ ಸುಳ್ಳು ಹೇಳುತ್ತದೆ. ಒಳಗೆ ಮೇಲೆ, ನಡುವೆ, ಕೆಳಗೆ ಒಂದೊಂದು ಕೋನ್ ಇಟ್ಟು ಸುಡಿ. ತುದಿ ಬಾಗಿ ಬುಡದ ಮಟ್ಟಕ್ಕೆ ಬಂದಿದ್ದರೆ ಸರಿ. ನೆಟ್ಟಗೆ ನಿಂತಿದ್ದರೆ ಶಾಖ ಕಡಿಮೆ. ಕರಗಿ ಚಪ್ಪಟೆಯಾಗಿದ್ದರೆ ಜಾಸ್ತಿ. ಕೋನ್ ಶಾಖವನ್ನಷ್ಟೇ ಅಲ್ಲ, ಆ ಶಾಖದಲ್ಲಿ ಎಷ್ಟು ಹೊತ್ತು ಕಳೆದಿದೆ ಎಂಬುದನ್ನೂ ತೋರಿಸುತ್ತದೆ. ಮಣ್ಣಿಗೂ ಇವೆರಡೂ ಲೆಕ್ಕಕ್ಕೆ ಬರುತ್ತವೆ. ಕೆಳಗಿನ ಅರ್ಧದಷ್ಟು ತೊಂದರೆಗಳು ಈ ಹಂತದಲ್ಲೇ ಗೊತ್ತಾಗಿಬಿಡುತ್ತವೆ.

ಎಚ್ಚರಿಕೆ: ಕಡಿಮೆ ಶಾಖದ ಕೆಂಪು ಅರ್ದನ್‌ವೇರ್ ಮಣ್ಣನ್ನು ಕೋನ್ 6 ಅಥವಾ 10ಕ್ಕೆ ಸುಟ್ಟರೆ ಅದು ಉಬ್ಬಿ, ಕರಗಿ, ಗೂಡಿನ ಹಲಗೆಗೆ ಅಂಟಿಕೊಳ್ಳುತ್ತದೆ. ಯಾವ ಮಣ್ಣು ಎಂದು ಗೊತ್ತಿಲ್ಲದಿದ್ದರೆ ಚಿಕ್ಕ ತುಂಡನ್ನು ಹೆಚ್ಚು ಶಾಖ ತಡೆಯುವ ಮಣ್ಣಿನ ಬಟ್ಟಲಲ್ಲಿಟ್ಟು ಮೊದಲು ಸುಟ್ಟು ನೋಡಿ.

ಲಕ್ಷಣ: ಬಳಸುವಾಗಲೇ ಮಣ್ಣು ಬಿರಿಯುತ್ತದೆ ಅಥವಾ ಕುಸಿಯುತ್ತದೆ

ಪೆನ್ಸಿಲ್ ದಪ್ಪದ ಸುರುಳಿ ಹೊಸೆದು ಬೆರಳಿಗೆ ಸುತ್ತಿ. ಬಿರುಕಿಲ್ಲದೆ ಸುತ್ತಿಕೊಂಡರೆ ಹದ ಚೆನ್ನಾಗಿದೆ. ಹೊರಮೈ ತುಂಬ ಬಿರುಕು ಬಂದರೆ ಅದು ಒಣಗಿದೆ, ಇಲ್ಲವೇ ಅದರಲ್ಲಿ ಜಿಗುಟು ಕಡಿಮೆ.

ಒಣಗಿದ್ದೇ ಕಾರಣವೋ ಅಂತ ನೋಡುವುದು ಸುಲಭ. ಮಣ್ಣಿನ ಗಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಎರಡು ಮೂರು ದಿನ ಬಿಟ್ಟು ಚೆನ್ನಾಗಿ ನಾದಿ, ಮತ್ತೆ ಸುರುಳಿ ಸುತ್ತಿ. ಈಗ ಸರಿಯಾದರೆ ಮುಗಿಯಿತು. ಆಗದಿದ್ದರೆ ಮಣ್ಣಿನಲ್ಲೇ ಗ್ರಾಗ್ ಜಾಸ್ತಿ ಇರಬಹುದು. ಗ್ರಾಗ್ ಅಂದರೆ ಸುಟ್ಟು ಪುಡಿ ಮಾಡಿದ ಮಣ್ಣಿನ ಹರಳು. ಅಥವಾ ಅದು ಪೋರ್ಸಲಿನ್, ಅಂದರೆ ಬಿಳಿ ಪಿಂಗಾಣಿ ಮಣ್ಣು, ಆಗಿರಬಹುದು. ಅದರಲ್ಲಿ ಜಿಗುಟು ಸ್ವಭಾವತಃ ಕಡಿಮೆ. ಒಮ್ಮೆ ಹೆಪ್ಪುಗಟ್ಟಿ ಕರಗಿದ ಮಣ್ಣೂ ಹೀಗೆ ಬಿಡಿಬಿಡಿಯಾಗುತ್ತದೆ. ಅದನ್ನು ನೀರಲ್ಲಿ ಕರಗಿಸಿ ಮತ್ತೆ ಗಟ್ಟಿ ಮಾಡಿ ನಾದಿದರೆ ಸರಿಹೋಗುತ್ತದೆ. ಶೇ. 2ರಷ್ಟು ಬೆಂಟೊನೈಟ್ (ತೀರಾ ಜಿಗುಟಾದ ಒಂದು ಬಗೆಯ ಮಣ್ಣಿನ ಪುಡಿ) ಬೆರೆಸಿದರೆ ಜಿಗುಟು ಏರುತ್ತದೆ. ಆದರೆ ಅದನ್ನು ಒಣ ಪುಡಿಗಳ ಜೊತೆಗೇ ಬೆರೆಸಬೇಕು. ಒದ್ದೆ ಮಣ್ಣಿನ ಮೇಲೆ ಸುಮ್ನೆ ಉದುರಿಸಿದರೆ ಗಂಟುಗಂಟಾಗುತ್ತದೆ.

ಕುಸಿಯುವುದು ಬೇರೆ ಕಥೆ. ಚಕ್ರದ ಮೇಲೆ ಎತ್ತಿದ ಗೋಡೆ ನಿಲ್ಲದೆ ಕೂತುಬಿಡುತ್ತದೆ. ಮೊದಲ ಅನುಮಾನ ನೀರಿನ ಮೇಲೆ: ನೀರು ಕಡಿಮೆ ಬಳಸಿ, ಬುಡದಲ್ಲಿ ನಿಂತ ನೀರನ್ನು ಸ್ಪಂಜಿನಿಂದ ತೆಗೆಯಿರಿ. ಮುಟ್ಟಿದರೆ ಗಟ್ಟಿ, ಅಲುಗಿಸಿದರೆ ಮೆತ್ತಗಾಗಿ ನಡುಗುವ ಮಣ್ಣು ಸಿಕ್ಕರೆ ಅದು ಇನ್ನೊಂದು ಸೂಚನೆ. ಫೆಲ್ಡ್‌ಸ್ಪಾರ್‌ನಂಥ ಖನಿಜಗಳಿಂದ ಕರಗಿ ಬಂದ ಸೋಡಿಯಂ ಮಣ್ಣಿನ ಕಣಗಳನ್ನು ಒಂದರಿಂದ ಒಂದು ದೂರ ತಳ್ಳುತ್ತಿರುತ್ತದೆ. ಬಹಳ ದಿನ ಇಟ್ಟ ಪೊಟ್ಟಣಗಳಲ್ಲಿ ಇದು ಜಾಸ್ತಿ. ನಾದುವಾಗ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ನೋಡಿ.

ಮಾಡುವ ವಸ್ತುವಿಗೂ ಇದಕ್ಕೂ ಸಂಬಂಧವಿದೆ. ದೊಡ್ಡ ಶಿಲ್ಪಕ್ಕೆ, ದಪ್ಪ ಹಲಗೆಗಳಿಂದ ಕಟ್ಟುವ ವಸ್ತುವಿಗೆ ಗ್ರಾಗ್ ಇರುವ ಒರಟು ಮಣ್ಣೇ ಬೇಕು. ತೆಳು ಬಟ್ಟಲನ್ನು ಚಕ್ರದ ಮೇಲೆ ಎತ್ತಲು ನುಣುಪು ಮಣ್ಣು. ಕಲಿಯುವವರು ಪೋರ್ಸಲಿನ್‌ನಿಂದ ಶುರು ಮಾಡಿ ಕೈ ಸೋತು ಕೂರುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಹೆಚ್ಚು ಶಾಖದಲ್ಲಿ ಕಲ್ಲಿನಂತೆ ಗಟ್ಟಿಯಾಗುವ, ಮಧ್ಯಮ ನುಣುಪಿನ ಸ್ಟೋನ್‌ವೇರ್ ಮಣ್ಣು ಸಣ್ಣಪುಟ್ಟ ತಪ್ಪುಗಳನ್ನು ತಡೆದುಕೊಳ್ಳುತ್ತದೆ.

ಲಕ್ಷಣ: ಬಿರುಕು

ಬಿರುಕು ಎಲ್ಲಿದೆ, ಅಂಚು ಹೇಗಿದೆ ಎಂದು ಮೊದಲು ನೋಡಿ. ಮಣ್ಣಿನ ಬಗ್ಗೆ ಯೋಚನೆ ಆಮೇಲೆ.

ಬಾಯಿಯ ಅಂಚಿನಿಂದ ಕೆಳಗೆ ಇಳಿದ ಬಿರುಕಾದರೆ, ಅಂಚು ಬುಡಕ್ಕಿಂತ ಬೇಗ ಒಣಗಿದೆ. ಪ್ಲಾಸ್ಟಿಕ್ ಹೊದಿಸಿ ನಿಧಾನ ಒಣಗಿಸಿ. ಸ್ವಲ್ಪ ಗಟ್ಟಿಯಾದ ಕೂಡಲೇ ಬೋರಲು ಹಾಕಿ.

ಹಿಡಿ ಅಂಟಿಸಿದ ಜಾಗದಲ್ಲಿ ಬಿರುಕು ಬಂದಿದ್ದರೆ ಹಿಡಿಯ ತೇವ ಬೇರೆ, ಲೋಟದ ತೇವ ಬೇರೆ ಇತ್ತು. ಎರಡನ್ನೂ ಒಂದೇ ಹದಕ್ಕೆ ತಂದು, ಗೀರಿ, ಕೆಸರು ಹಚ್ಚಿ ಅಂಟಿಸಿ. ಮಣ್ಣು ನಿರಪರಾಧಿ.

ಬುಡದ ನಡುವೆ ಇಂಗ್ಲಿಷ್ ಎಸ್ ಆಕಾರದ ಬಿರುಕು ಚಕ್ರದ ಕೆಲಸ ಮಾಡುವವರಿಗೆಲ್ಲ ಪರಿಚಿತ. ಎತ್ತುವಾಗ ಗೋಡೆಯ ಮಣ್ಣು ಒತ್ತಿಸಿಕೊಂಡು ಗಟ್ಟಿಯಾಗುತ್ತದೆ, ಬುಡದ್ದು ಸಡಿಲವಾಗಿ, ಒದ್ದೆಯಾಗಿ ಉಳಿಯುತ್ತದೆ. ಬುಡವನ್ನು ಬೆರಳಿನಿಂದಲೋ ಮರದ ಪಟ್ಟಿಯಿಂದಲೋ ನಡುವಿನಿಂದ ಹೊರಕ್ಕೆ, ಹೊರಗಿನಿಂದ ನಡುವಿಗೆ ಚೆನ್ನಾಗಿ ಒತ್ತಿ. ಒತ್ತಿದ ಮೇಲೂ ಪ್ರತಿ ಸಲ ಬರುತ್ತಿದ್ದರೆ ಆಗ ಮಣ್ಣಿನ ಮೇಲೆ ಅನುಮಾನ ನ್ಯಾಯ. ಕುಗ್ಗುವಿಕೆ ಜಾಸ್ತಿ ಇರುವ ತೀರಾ ನುಣುಪು ಮಣ್ಣಿನಲ್ಲಿ ಇದು ಹೆಚ್ಚು. ಸಣ್ಣ ಗ್ರಾಗ್ ಇರುವ ಮಣ್ಣು ಪ್ರಯತ್ನಿಸಿ.

ಗ್ಲೇಜ್ ಹಾಕಿ ಸುಟ್ಟ ಮೇಲೆ ಕಂಡ ಬಿರುಕಾದರೆ ಅದರ ಅಂಚನ್ನು ಗಮನಿಸಿ. ಗ್ಲೇಜ್ ಅಂಚಿನ ಮೇಲೆ ಹರಿದು ದುಂಡಗಾಗಿದ್ದರೆ, ಗ್ಲೇಜ್ ಕರಗುವ ಮೊದಲೇ ಬಿರುಕು ಇತ್ತು. ಅಂದರೆ ತಪ್ಪು ಒಣಗಿಸುವುದರಲ್ಲೋ ಮೊದಲ ಸುಡುವಿಕೆಯಲ್ಲೋ ಇದೆ. ಅಂಚು ಗಾಜಿನಂತೆ ಹರಿತವಾಗಿದ್ದರೆ ಅದು ತಣಿಯುವಾಗ ಬಂದದ್ದು. ಮಣ್ಣಿನೊಳಗಿನ ಸ್ಫಟಿಕ ಶಿಲೆಯ ಕಣಗಳು 573 ಡಿಗ್ರಿಯಲ್ಲಿ ಥಟ್ಟನೆ ಗಾತ್ರ ಬದಲಿಸುತ್ತವೆ. ಹೆಚ್ಚು ಶಾಖದಲ್ಲಿ ಕ್ರಿಸ್ಟೊಬಲೈಟ್ ಎಂಬ ಸಿಲಿಕಾ ಹರಳು ಹುಟ್ಟಿಕೊಂಡ ಮಣ್ಣಿನಲ್ಲಿ ಇನ್ನೊಂದು ಬದಲಾವಣೆ 226 ಡಿಗ್ರಿಯ ಹತ್ತಿರ ಆಗುತ್ತದೆ. ಈ ಹಂತಗಳನ್ನು ಗೂಡು ನಿಧಾನ ದಾಟಬೇಕು. ಒಳಗೆ ಏನಾಗಿದೆ ಎಂದು ನೋಡುವ ಆಸೆಗೆ 200 ಡಿಗ್ರಿಯಲ್ಲೇ ಬಾಗಿಲು ತೆಗೆಯುವವರು ಈ ಬಿರುಕನ್ನು ತಾವೇ ಕರೆದುಕೊಳ್ಳುತ್ತಾರೆ. 100ಕ್ಕಿಂತ ಕೆಳಗಿಳಿಯಲಿ, ಆಮೇಲೆ ತೆಗೆಯಿರಿ. ಹರಿತವಾದ ತುಂಡುಗಳನ್ನು ದಪ್ಪ ಕೈಗವಸು ಹಾಕಿ ಎತ್ತಿ.

ಲಕ್ಷಣ: ತಟ್ಟೆ, ಹೆಂಚು ಸೊಟ್ಟಗಾಗುವುದು

ಒಣಗುವಾಗಲೇ ಸೊಟ್ಟಗಾದರೆ ಎರಡೂ ಬದಿ ಒಂದೇ ವೇಗದಲ್ಲಿ ಒಣಗಿಲ್ಲ. ಗಾಳಿಯಾಡುವ ಜಾಲರಿ ಅಥವಾ ಜಿಪ್ಸಂ ಹಲಗೆಯ ಮೇಲಿಡಿ, ಆಗಾಗ ಮಗುಚಿ. ಒಣಗಿದಾಗ ಸಪಾಟಾಗಿದ್ದು ಗೂಡಿನಲ್ಲಿ ಸೊಟ್ಟಗಾದರೆ ಮೊದಲು ಹಲಗೆ ಮಟ್ಟವಿದೆಯಾ ನೋಡಿ, ನಂತರ ಕೋನ್ ನೋಡಿ. ಎರಡೂ ಸರಿಯಿದ್ದರೆ ದೊಡ್ಡ ತಟ್ಟೆಗಳಿಗೆ ಗ್ರಾಗ್ ಇರುವ ಮಣ್ಣಿಗೆ ಬದಲಾಗುವುದೇ ಒಳ್ಳೆಯದು. ಪೋರ್ಸಲಿನ್ ಹೆಚ್ಚು ಶಾಖದಲ್ಲಿ ಮೆತ್ತಗಾಗುತ್ತದೆ. ಅಗಲವಾದ, ಆಸರೆಯಿಲ್ಲದ ಅಂಚು ಬಾಗುವುದು ಅದರ ಗುಣ.

ಲಕ್ಷಣ: ಮೊದಲ ಸುಡುವಿಕೆಯಲ್ಲಿ ಸಿಡಿದು ಚೂರಾಗುವುದು

ಒಳಗೆ ಗಾಳಿಗುಳ್ಳೆ ಇತ್ತು, ಅದಕ್ಕೇ ಸಿಡಿಯಿತು ಅಂತ ಎಲ್ಲರೂ ಹೇಳುತ್ತಾರೆ. ನಿಜವಾದ ಕಾರಣ ನೀರು. ಮಣ್ಣು ಪೂರ್ತಿ ಒಣಗದೆ 100 ಡಿಗ್ರಿ ದಾಟಿದರೆ ಒಳಗಿನ ತೇವ ಆವಿಯಾಗಿ, ಹೊರಬರಲು ದಾರಿ ಸಾಲದೆ ಗೋಡೆಯನ್ನೇ ಒಡೆಯುತ್ತದೆ. ಗಾಳಿಗುಳ್ಳೆ ಇದ್ದರೂ ಒಣಗಿದ ವಸ್ತು ಸಿಡಿಯುವುದಿಲ್ಲ.

ವಸ್ತುವನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನ್ನಿಸಿದರೆ ಇನ್ನೂ ತೇವವಿದೆ. ದಪ್ಪ ವಸ್ತುಗಳಿದ್ದರೆ ಗೂಡನ್ನು 80–90 ಡಿಗ್ರಿಯಲ್ಲಿ ಕೆಲವು ಗಂಟೆ ನಿಲ್ಲಿಸಿ, ಆಮೇಲೆ ಏರಿಸಿ. ಇಷ್ಟಾದರೂ ದಪ್ಪ ಶಿಲ್ಪಗಳು ಸಿಡಿಯುತ್ತಿದ್ದರೆ ಮಣ್ಣು ತೀರಾ ನುಣುಪು. ಗ್ರಾಗ್ ಇದ್ದರೆ ಆವಿಗೆ ಹೊರಹೋಗಲು ಸಂದುಗಳು ಸಿಗುತ್ತವೆ.

ವಿದ್ಯುತ್ ಗೂಡಿನಲ್ಲಿ ಸಿಡಿದ ಚೂರುಗಳು ಸುರುಳಿ ತಂತಿಯ ಸಂದಿನಲ್ಲಿ ಕೂತಿರುತ್ತವೆ. ಅವನ್ನು ತೆಗೆಯುವ ಮೊದಲು ಮೇನ್ ಸ್ವಿಚ್ ಆರಿಸಿ. ತಂತಿ ತುಂಡಾಗಿದ್ದರೆ, ಸುಟ್ಟ ವಾಸನೆ ಬಂದರೆ, ಸರ್ಕ್ಯೂಟ್ ಬ್ರೇಕರ್ ಮತ್ತೆ ಮತ್ತೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಯಿರಿ.

ಲಕ್ಷಣ: ಸುಟ್ಟು ಗ್ಲೇಜ್ ಹಾಕಿದರೂ ನೀರು ಒಸರುತ್ತದೆ

ಹೂದಾನಿ ಇಟ್ಟ ಜಾಗದಲ್ಲಿ ಒದ್ದೆ ಗುರುತು. ಲೋಟದ ಬುಡ ಸದಾ ತೇವ. ಮೈಕ್ರೋವೇವ್‌ನಲ್ಲಿಟ್ಟರೆ ಒಳಗಿರುವುದಕ್ಕಿಂತ ಹಿಡಿಯೇ ಬಿಸಿ. ಇವೆಲ್ಲ ಒಂದೇ ಮಾತು ಹೇಳುತ್ತವೆ: ಮಣ್ಣು ನೀರು ಕುಡಿಯುತ್ತಿದೆ.

ಗ್ಲೇಜ್ ಇದೆಯಲ್ಲ, ಸೋರೋದಿಲ್ಲ ಅಂದುಕೊಳ್ಳುವುದು ಸಹಜ, ಅಲ್ವಾ? ಗ್ಲೇಜ್‌ನಲ್ಲಿ ಕಣ್ಣಿಗೆ ಕಾಣದ ಸೂಜಿರಂಧ್ರ, ಕೂದಲೆಳೆ ಬಿರುಕು ಇರಬಹುದು. ನೀರನ್ನು ತಡೆಯುವ ಕೆಲಸವನ್ನು ಮಣ್ಣೇ ಮಾಡಬೇಕು. ಅದಕ್ಕೆ ಅದು ಸರಿಯಾದ ಶಾಖದಲ್ಲಿ ಬೆಂದು, ಒಳಗಿನ ಸಂದುಗಳು ಗಾಜಿನಂಥ ದ್ರವದಿಂದ ಮುಚ್ಚಿಹೋಗಬೇಕು.

ಪರೀಕ್ಷೆ ಹೀಗೆ. ಗ್ಲೇಜ್ ಇಲ್ಲದ, ಪೂರ್ತಿ ಶಾಖಕ್ಕೆ ಸುಟ್ಟ ತುಂಡನ್ನು ಚೆನ್ನಾಗಿ ಒಣಗಿಸಿ ತೂಗಿ. ನೀರಿನಲ್ಲಿ ಎರಡು ಗಂಟೆ ಕುದಿಸಿ, ಅದೇ ನೀರಲ್ಲಿ ರಾತ್ರಿಯಿಡೀ ಬಿಡಿ. ತೆಗೆದು ಮೇಲ್ಮೈ ಒರೆಸಿ ಮತ್ತೆ ತೂಗಿ. ಹೆಚ್ಚಾದ ತೂಕವನ್ನು ಒಣ ತೂಕದಿಂದ ಭಾಗಿಸಿ 100ರಿಂದ ಗುಣಿಸಿ. 200 ಗ್ರಾಂ ತುಂಡು 210 ಆದರೆ ಶೇ. 5 ನೀರು ಕುಡಿದಿದೆ. ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ ಇದ್ದರೆ ಒಳ್ಳೆಯದು.

ಅರ್ದನ್‌ವೇರ್‌ನಲ್ಲಿ ಶೇ. 10ರ ಆಸುಪಾಸು ಬರುವುದು ಸಾಮಾನ್ಯ. ಅದಕ್ಕಿಂತ ಒಂದಿಷ್ಟು ಹೆಚ್ಚು ಕಡಿಮೆಯೂ ಇರಬಹುದು. ಚೆನ್ನಾಗಿ ಬೆಂದ ಸ್ಟೋನ್‌ವೇರ್‌ನಲ್ಲಿ ಶೇ. 1ರಿಂದ 3. ಪೋರ್ಸಲಿನ್‌ನಲ್ಲಿ ಶೇ. 1ಕ್ಕಿಂತ ಕಡಿಮೆ. ನೀವು ಸ್ಟೋನ್‌ವೇರ್ ಎಂದು ಕೊಂಡದ್ದು ಶೇ. 5 ತೋರಿಸಿದರೆ ಎರಡೇ ಸಾಧ್ಯತೆ: ಗೂಡು ಸರಿಯಾದ ಶಾಖ ಮುಟ್ಟಿಲ್ಲ, ಅಥವಾ ಕೋನ್ 10ರ ಮಣ್ಣನ್ನು ಕೋನ್ 6ಕ್ಕೆ ಸುಟ್ಟಿದ್ದೀರಿ. ಎರಡನೆಯದು ತುಂಬ ಸಾಮಾನ್ಯ. ಪೊಟ್ಟಣದ ಮೇಲೆ ಕೋನ್ 6–10 ಎಂದು ಅಗಲವಾದ ವ್ಯಾಪ್ತಿ ಬರೆದಿದ್ದರೆ ನಂಬಿಕೆ ಇಡಬೇಡಿ. ಒಂದೇ ಮಣ್ಣು ಆ ಎರಡೂ ಶಾಖದಲ್ಲಿ ಸಮನಾಗಿ ಬೇಯುವುದಿಲ್ಲ. ಅಂಥ ಮಣ್ಣು ಸಾಮಾನ್ಯವಾಗಿ 10ಕ್ಕೆ ಸರಿ, 6ಕ್ಕೆ ಅರೆಬೆಂದದ್ದು.

ಅರ್ದನ್‌ವೇರ್ ನೀರು ಕುಡಿಯುವುದು ದೋಷವಲ್ಲ, ಅದರ ಸ್ವಭಾವ. ಗಿಡದ ಕುಂಡಕ್ಕೆ, ನೀರು ತಣ್ಣಗಿಡುವ ಹೂಜಿಗೆ ಅದೇ ಬೇಕು. ಹೂದಾನಿ, ಊಟದ ಪಾತ್ರೆಗೆ ಮಾತ್ರ ಬಿಗಿಯಾಗಿ ಬೇಯುವ ಮಣ್ಣು ಆರಿಸಿ. ಸೋರುವ ಪಾತ್ರೆಗೆ ಮೇಲೆ ಲೇಪ ಹಚ್ಚಿ ಸರಿಪಡಿಸಲು ಹೋಗಬೇಡಿ. ಆಹಾರಕ್ಕೆ ಅದು ಭರವಸೆಯ ದಾರಿಯಲ್ಲ.

ಲಕ್ಷಣ: ಮೈಮೇಲೆ ಊದಿಕೊಂಡ ಗುಳ್ಳೆ

ಇಲ್ಲಿ ಒಂದು ವಸ್ತುವನ್ನು ಬಲಿ ಕೊಡಲೇಬೇಕು. ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ರಕ್ಷಣೆ ಹಾಕಿ, ಗುಳ್ಳೆ ಇರುವಲ್ಲಿ ಒಡೆಯಿರಿ.

ಒಳಗೆಲ್ಲ ಒಂದೇ ಬಣ್ಣ, ತುಂಬ ಸಣ್ಣ ತೂತುಗಳು: ಶಾಖ ಜಾಸ್ತಿಯಾಗಿದೆ. ಕೋನ್ ನೋಡಿದರೆ ಗೊತ್ತಾಗುತ್ತದೆ. ಹೊರಗೆ ಕೆಂಪು ಅಥವಾ ಕಂದು, ನಡುವೆ ಕಪ್ಪು: ಮೊದಲ ಸುಡುವಿಕೆ ಆತುರದ್ದು. ಮಣ್ಣಿನೊಳಗಿನ ಇಂಗಾಲ, ಗಂಧಕ ಉರಿದು ಹೊರಗೆ ಹೋಗದೆ ಉಳಿದಿವೆ. ಮುಂದೆ ಗ್ಲೇಜ್ ಸುಡುವಿಕೆಯಲ್ಲಿ ಮಣ್ಣು ಮೆತ್ತಗಾದಾಗ ಅವು ಅನಿಲವಾಗಿ ಉಬ್ಬಿಸುತ್ತವೆ. ಕಬ್ಬಿಣದ ಅಂಶವಿರುವ ಕೆಂಪು ಮಣ್ಣಿನಲ್ಲಿ ಇದು ಹೆಚ್ಚು. ಇಂಗಾಲ ಆಮ್ಲಜನಕ ಕಸಿದುಕೊಂಡ ಕಬ್ಬಿಣ ಮಣ್ಣನ್ನು ಬೇಗ ಕರಗಿಸುತ್ತದೆ. ಮೊದಲ ಸುಡುವಿಕೆಯಲ್ಲಿ 700ರಿಂದ 900 ಡಿಗ್ರಿವರೆಗೆ ನಿಧಾನ ಏರಿಸಿ, ಗೂಡಿಗೆ ಗಾಳಿ ಬರುವ ತೂತು ತೆರೆದಿಡಿ, ವಸ್ತುಗಳನ್ನು ಒಂದರೊಳಗೊಂದು ಒತ್ತಾಗಿ ಜೋಡಿಸಬೇಡಿ.

ಈ ಹಂತದಲ್ಲಿ ಹೊರಬರುವ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು. ಗೂಡಿರುವ ಕೋಣೆಗೆ ಗಾಳಿ ಹೊರಹೋಗುವ ವ್ಯವಸ್ಥೆ ಇರಲೇಬೇಕು. ಗ್ಯಾಸ್ ಗೂಡಾದರೆ ಕಾರ್ಬನ್ ಮಾನಾಕ್ಸೈಡ್ ಅಪಾಯವೂ ಇದೆ. ತಲೆನೋವು, ತಲೆಸುತ್ತು ಬಂದರೆ ತಕ್ಷಣ ಹೊರಗೆ ಬನ್ನಿ.

ಲಕ್ಷಣ: ಗ್ಲೇಜ್‌ನಲ್ಲಿ ಬಲೆಯಂಥ ಬಿರುಕು, ಅಥವಾ ಗ್ಲೇಜ್ ಸಿಪ್ಪೆ ಏಳುವುದು

ಬಲೆಯಂಥ ಬಿರುಕು ಬಂದರೆ, ತಣಿಯುವಾಗ ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗಿದೆ. ಸಿಪ್ಪೆ ಏಳುವುದು ಇದರ ತಿರುಗುಮುರುಗು. ಬಿರುಕು ಕಾಣದಿದ್ದರೆ ಮಸಿ ಹಚ್ಚಿ ಒರೆಸಿ, ಗೆರೆ ಮೂಡುತ್ತದೆ. ಮೊದಲು ಕೋನ್ ಪರೀಕ್ಷಿಸಿ, ಗ್ಲೇಜ್ ಪದರ ತೆಳು ಮಾಡಿ ನೋಡಿ, ನಂತರ ಬೇರೆ ಗ್ಲೇಜ್ ಹಾಕಿ. ಗ್ಲೇಜ್ ಬದಲಿಸುವುದು ಮಣ್ಣು ಬದಲಿಸುವುದಕ್ಕಿಂತ ಸುಲಭ.

ವಾರಗಳ ನಂತರ ಬಿರುಕು ಕಾಣಿಸಿಕೊಂಡರೆ ಮಾತ್ರ ಬೊಟ್ಟು ಮಣ್ಣಿನ ಕಡೆಗೆ. ಅರೆಬೆಂದ ಮಣ್ಣು ತೇವ ಹೀರಿ ಒಂದಿಷ್ಟು ಹಿಗ್ಗುತ್ತದೆ, ಅದರ ಮೇಲಿನ ಗ್ಲೇಜ್ ಸೀಳುತ್ತದೆ. ಸಿಪ್ಪೆ ಏಳುವ ಪಾತ್ರೆಯನ್ನು ಊಟಕ್ಕೆ ಬಳಸಲೇಬೇಡಿ. ಆ ಚೂರು ಗಾಜಿನಷ್ಟೇ ಹರಿತ.

ಲಕ್ಷಣ: ಸುಟ್ಟು ದಿನಗಳಾದ ಮೇಲೆ ಚಕ್ಕೆ ಹಾರುವುದು

ಹಾರಿದ ಚಕ್ಕೆಯ ಗುಂಡಿಯ ತಳದಲ್ಲಿ ಬಿಳಿ ಚುಕ್ಕೆ ಕಂಡರೆ ಕಾರಣ ಸುಣ್ಣ. ಮಣ್ಣಿನಲ್ಲಿದ್ದ ಸುಣ್ಣಕಲ್ಲಿನ ಹರಳು ಗೂಡಿನಲ್ಲಿ ಸುಟ್ಟ ಸುಣ್ಣವಾಗುತ್ತದೆ. ಆಮೇಲೆ ಗಾಳಿಯ ತೇವ ಹೀರಿ ಅರಳಿ, ಮೇಲಿನ ಪದರವನ್ನು ಎಬ್ಬಿಸುತ್ತದೆ. ಹೊಲ, ಕೆರೆಯಿಂದ ಅಗೆದು ತಂದ ಮಣ್ಣಿನಲ್ಲಿ ಇದು ಸಾಮಾನ್ಯ. ಅಚ್ಚಿನಿಂದ ಉದುರಿದ ಪ್ಲಾಸ್ಟರ್ ಚೂರೂ ಇದೇ ರೀತಿ ಮಾಡುತ್ತದೆ. ಹಾಗಾಗಿ ಮೊದಲು ಅಚ್ಚಿನ ಅಂಚು ಕಿತ್ತಿದೆಯಾ ನೋಡಿ.

ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ. ನೊರೆ ಎದ್ದರೆ ಸುಣ್ಣವಿದೆ. ಏಳದಿದ್ದರೆ ಇಲ್ಲವೇ ಇಲ್ಲ ಎಂದು ಹೇಳಲಾಗದು, ಹರಳುಗಳು ಅಲ್ಲೊಂದು ಇಲ್ಲೊಂದು ಇರಬಹುದು. ಮಣ್ಣನ್ನು ಕೆಸರು ಮಾಡಿ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿದರೆ ಬಹುಪಾಲು ಹೋಗುತ್ತದೆ. ಕೊಂಡು ತಂದ ಪೊಟ್ಟಣದಲ್ಲೇ ಹೀಗಾದರೆ ಸೋಸುವ ಶ್ರಮ ಬೇಡ. ವಾಪಸ್ ಕೊಡಿ.

ಒಣಗಿದ ಮೈಮೇಲೆ, ಅದರಲ್ಲೂ ಅಂಚುಗಳಲ್ಲಿ ಬಿಳಿ ಪುಡಿ ಕಂಡರೆ ಅದು ಬೇರೆ. ನೀರಲ್ಲಿ ಕರಗಿದ ಉಪ್ಪುಗಳು ಮೇಲೆ ಬಂದಿವೆ. ಬಹಳ ಸಲ ಅಂದ ಕೆಡುತ್ತದೆ ಅಷ್ಟೇ. ಇದಕ್ಕೆ ಬೇರಿಯಂ ಕಾರ್ಬೊನೇಟ್ ಬೆರೆಸುವ ಪದ್ಧತಿ ಇದೆ. ಅದು ವಿಷ. ಮನೆಯಲ್ಲಿ ಮಾಡಬೇಡಿ.

ಲಕ್ಷಣ: ಒಲೆಯ ಮೇಲಿಟ್ಟಾಗ ಒಡೆಯುವುದು

ಇಲ್ಲಿ ಪರೀಕ್ಷೆ ಬೇಕಿಲ್ಲ. ಮಾಮೂಲಿ ಸ್ಟೋನ್‌ವೇರ್, ಪೋರ್ಸಲಿನ್ ನೇರ ಉರಿಗೆ ಮಾಡಿದ್ದಲ್ಲ. ಬಿಗಿಯಾಗಿ ಬೆಂದಷ್ಟೂ ಥಟ್ಟನೆ ಬರುವ ಬಿಸಿಗೆ ಹಿಗ್ಗಲು ಒಳಗೆ ಜಾಗವಿರುವುದಿಲ್ಲ. ಅಡುಗೆಯ ಮಣ್ಣಿನ ಮಡಕೆಗಳು ಕಡಿಮೆ ಶಾಖದಲ್ಲಿ ಸುಟ್ಟು, ಮರಳಿನಂಥ ಒರಟು ಕಣ ಬೆರೆಸಿ, ಸಂದುಸಂದಾಗಿ ಇರುವುದು ಇದಕ್ಕೇ. ಉರಿ ತಡೆಯಲೆಂದೇ ಲಿಥಿಯಂ ಖನಿಜ ಬೆರೆಸಿದ ಮಣ್ಣೂ ಸಿಗುತ್ತದೆ, ಆದರೆ ಅದಕ್ಕೆ ಹೊಂದುವ ಗ್ಲೇಜ್ ಹುಡುಕುವುದು ಕಷ್ಟ. ಬಿಸಿ ಎಣ್ಣೆ ತುಂಬಿದ ಪಾತ್ರೆ ಒಡೆದರೆ ಆಗುವ ಅನಾಹುತ ದೊಡ್ಡದು. ಅನುಭವಿಗಳ ನೆರವಿಲ್ಲದೆ ಉರಿಗೆ ಇಡುವ ಪಾತ್ರೆ ಮಾಡಿ ಬೇರೆಯವರಿಗೆ ಕೊಡಬೇಡಿ.

ಮಣ್ಣು ಬದಲಿಸಲೇಬೇಕಾದರೆ

ದೊಡ್ಡ ಮೂಟೆ ಕೊಳ್ಳುವ ಮುಂಚೆ ಸಣ್ಣ ಪೊಟ್ಟಣ ತಂದು ಕೆಲವು ಪಟ್ಟಿ ಮಾಡಿ: 14 ಸೆಂ.ಮೀ. ಉದ್ದ, 4 ಅಗಲ, 1 ದಪ್ಪ. ಒದ್ದೆ ಇರುವಾಗಲೇ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆಯಿರಿ. ಸುಟ್ಟ ಮೇಲೆ ಆ ಗೆರೆ ಎಷ್ಟು ಮಿ.ಮೀ. ಕಡಿಮೆಯಾಗಿದೆಯೋ ಕುಗ್ಗುವಿಕೆ ಅಷ್ಟೇ ಶೇಕಡ. 12 ಆದರೆ 10 ಸೆಂ.ಮೀ. ಬಟ್ಟಲು ಬೇಕೆಂದರೆ ಸುಮಾರು 11.4 ಸೆಂ.ಮೀ.ಗೆ ಮಾಡಬೇಕು. ಇನ್ನೊಂದು ಪಟ್ಟಿಯನ್ನು ಎರಡು ತುದಿಗಳಲ್ಲಿ ಮಾತ್ರ ಆಸರೆ ಕೊಟ್ಟು ಸುಡಿ, ನಡುವೆ ಎಷ್ಟು ಜೋಲುತ್ತದೆ ನೋಡಿ. ಮೂರನೆಯದಕ್ಕೆ ನೀರು ಕುಡಿಯುವ ಪರೀಕ್ಷೆ. ನಾಲ್ಕನೆಯದಕ್ಕೆ ನಿಮ್ಮ ಗ್ಲೇಜ್.

ಹಳೆ ಮಣ್ಣು, ಹೊಸ ಮಣ್ಣು ಬೆರೆಯದಂತೆ ಹಲಗೆ, ಬಕೆಟ್ ತೊಳೆದಿಡಿ. ಒಣಗಿದ ಮಣ್ಣನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಆ ದೂಳಿನಲ್ಲಿರುವ ಸಿಲಿಕಾ ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಕೆಡುತ್ತದೆ. ಒಣ ಪುಡಿ ಬೆರೆಸುವಾಗ ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್ ಹಾಕಿ.

ಇಷ್ಟೆಲ್ಲ ನೋಡಿದ ಮೇಲೂ ಕಾರಣ ಸಿಗದಿದ್ದರೆ ಮಣ್ಣು ಮಾರಿದವರ ಹತ್ತಿರ ಹೋಗಿ. ಬರಿಗೈಯಲ್ಲಿ ಹೋಗಬೇಡಿ. ಒಡೆದ ತುಂಡು, ಅದರ ಜೊತೆ ಸುಟ್ಟ ಕೋನ್, ಸ್ವಲ್ಪ ಹಸಿ ಮಣ್ಣು, ಪೊಟ್ಟಣದ ಮೇಲಿನ ಬ್ಯಾಚ್ ಸಂಖ್ಯೆ, ಗೂಡನ್ನು ಎಷ್ಟು ಗಂಟೆಯಲ್ಲಿ ಎಷ್ಟಕ್ಕೆ ಏರಿಸಿದಿರಿ ಎಂಬ ಚೀಟಿ ತೆಗೆದುಕೊಂಡು ಹೋಗಿ. ಅದೇ ಬ್ಯಾಚ್ ಕೊಂಡ ಬೇರೆಯವರಿಗೂ ಹೀಗಾಗಿದೆಯಾ ಎಂದು ಮೊದಲು ಕೇಳಿ.